ಮೂರೂವರೆ ಚೌಕ

ಅಂಗಿ ಎತ್ತಿ ಮಲಗಿ, ತೊಮೆ ಅಜ್ಜಿ.
ಜೆಲ್ಲಿ ತಣ್ಣಗಿದೆ, ಕ್ಷಮಿಸಿ.
"ಹೊರಗಿನ ಹಿಮಕ್ಕಿಂತಲೇ?" ಎಂದು ನಕ್ಕಳು
ಎಂಬತ್ತೊಂದರ ಮುದುಕಿ.
ಅವಳ ಬೆರಳಸಂದಿಯಲ್ಲಿ ಚೆರಿ ಸೌದೆಯ ಹೊಗೆ.

ಅಕಿತಾದ ಈ ಸನ್ನಾಯಿ ಕಣಿವೆಯಲ್ಲಿ
ನವೆಂಬರ್ ಬಂತೆಂದರೆ ಮೂಲಂಗಿಗಳನ್ನು
ಸೂರಿನಡಿ ಸಾಲಾಗಿ ತೂಗಿಬಿಟ್ಟು
ಹಗಲಿರುಳು ಹೊಗೆ ಕುಡಿಸುತ್ತಾರೆ;
ಆಮೇಲೆ ಉಪ್ಪು ಬೆರೆಸಿದ ತೌಡಿನಲ್ಲಿ ಹೂಳುತ್ತಾರೆ,
ಮೇಲೊಂದು ಕಲ್ಲು ಹೇರಿ.
ಅರವತ್ತು ಚಳಿಗಾಲ ಹೇರಿದ್ದಾಳೆ ಇವಳು.
ಒತ್ತಡದ ಮೇಲಿನ ಅಂಕೆ: ನೂರ ಅರವತ್ತೆಂಟು.

ಹತ್ತು ತಂತಿ, ಹನ್ನೆರಡು ಕಿಟಕಿ,
ಒಳಗೆ ಒಂದೇ ಮುಷ್ಟಿಯಷ್ಟು ಮನೆ.
ಮಾತಾಡಬೇಡಿ ಎಂದೆ. ಮಾತಾಡಿದಳು.
ಗೆರೆ ನಡುಗಿತು. ಇನ್ನೊಮ್ಮೆ ತೆಗೆದೆ.

ಗುಲಾಬಿ ಚೌಕಳಿ ಕಾಗದ ಅವಸರ ಅರಿಯದು,
ಅಂಗೈಯಗಲ ಹೊರಬರಲು ಮೂರು ಸೆಕೆಂಡು.
ಎಲ್ಲರ ಕಣ್ಣೂ ಎತ್ತರದ ಶಿಖರದ ಮೇಲೆ.
ಇವಳದೂ ಎತ್ತರವೇ:
ಬಿಗಿದ ಬಾಗಿಲನ್ನು ವರ್ಷಗಟ್ಟಲೆ ತಳ್ಳಿ
ತೋಳು ಉಬ್ಬಿದ ಹಮಾಲಿಯ ಹಾಗೆ
ಎಡಗಡೆಯ ಕೆಳಕೋಣೆ ದಪ್ಪಗಾಗಿದೆ.
ನಾನು ನೋಡುವುದು ಅದಕ್ಕೂ ಮುಂಚಿನದನ್ನು,
ಪಿ ಎಂಬ ಪುಟ್ಟ ಏರನ್ನು.
ನಾಚಿಕೆಯ ದಿಬ್ಬ.
ಯಾರೂ ನಿಂತು ಫೋಟೋ ತೆಗೆಯದ್ದು.

ದಪ್ಪಗಾದ ಕೆಳಕೋಣೆ ಸುಲಭಕ್ಕೆ ಸಡಿಲುವುದಿಲ್ಲ.
ಮೇಲಿನ ಕೋಣೆ ಕಾದು ಕಾದು ತುಂಬಿ
ಹಿಗ್ಗುತ್ತದೆ
(ಇಲ್ಲಿ ಹಿಗ್ಗು ಎಂದರೆ ಸಂತೋಷವಲ್ಲ),
ಗೋಡೆಯೊಳಗೆ ನಾರು ಬೆಳೆದು
ಈ ಮೂಲೆಯ ಸುದ್ದಿ ಆ ಮೂಲೆಗೆ
ತಡವಾಗಿ ಮುಟ್ಟುತ್ತದೆ.
ಒಂದು ದಿನ ದಾರಿಯಲ್ಲೇ ದಾರಿ ತಪ್ಪಿ
ಸುತ್ತತೊಡಗಬಹುದು.

ಐದು ವರ್ಷದ ಹಿಂದಿನ ಪಟ್ಟಿಯಲ್ಲಿ ಎರಡೂವರೆ ಚೌಕ.
ಇವತ್ತು ಮೂರೂವರೆ, ನೆತ್ತಿಯಲ್ಲೊಂದು ತಗ್ಗು.
ಮಸೂರ ಹಿಡಿದು, ಕೈವಾರದ ಎರಡು ಮುಳ್ಳು ಊರಿ
ಅಳೆದೆ.
ಮತ್ತೆ ಅಳೆದೆ.
ಒಂದು ಚೌಕ ಎಂದರೆ ಸೆಕೆಂಡಿನ ಇಪ್ಪತ್ತೈದನೇ ಪಾಲು,
ರೆಪ್ಪೆ ಮಿಟುಕಲಿಕ್ಕೂ ಸಾಲದ ಕಾಲ.
ಅಷ್ಟನ್ನು ಕೂಡಿಡಲು ಇವಳಿಗೆ ಐದು ವರ್ಷ ಹಿಡಿಯಿತು.

"ಕೆಟ್ಟಿದೆಯಾ?"
ಇಲ್ಲ, ಲಯ ನೆಟ್ಟಗಿದೆ.
ಕೆಟ್ಟಿಲ್ಲ; ಕೆಟ್ಟೀತು.
ಈ ಎರಡು ಮಾತಿನ ನಡುವಿನ ಇಕ್ಕಟ್ಟಿನಲ್ಲಿ
ಸ್ಟೂಲು ಹಾಕಿ ಕೂತು ಸಂಬಳ ಎಣಿಸುವವಳು ನಾನು.

ಅವಳ ಗಂಡ ಯಾಸುಜಿರೋನಿಗೆ
ಆ ಮಾತನ್ನೂ ಯಾರೂ ಆಡಿರಲಿಲ್ಲ.
ಗದ್ದೆಯ ಬದು, ಕೈಯಲ್ಲಿ ಅರ್ಧ ಕುಡಿದ ಚಹಾ.
ತಗುಲಿತು ಎನ್ನುತ್ತಾರೆ ಇಲ್ಲಿನ ಹಳಬರು, ಅಷ್ಟೆ,
ಎಲ್ಲಿಂದಲೋ ಯಾರೋ ಕಲ್ಲು ಬೀಸಿದ ಹಾಗೆ.
"ಕಲ್ಲು ಬರುವ ದಾರಿ ಇದೇನಾ?"
ಬೆರಳು ಕಾಗದದ ಮೇಲೆ ಇಟ್ಟು ಕೇಳಿದಳು.
ಇದೂ ಒಂದು ದಾರಿ ಎಂದೆ. ಬಂದೇ ಬರುತ್ತದೆಂದಲ್ಲ.

ಡಾಕ್ಟರು ಮಾತ್ರೆ ಬದಲಿಸಿದರು.
ನಾನು ಅವಳ ಎರಡು ಬೆರಳು ಹಿಡಿದು
ಅವಳದೇ ಮಣಿಕಟ್ಟಿನ ಮೇಲೆ ಇಟ್ಟೆ.
ಬೆಳಗೆದ್ದು ಹೀಗೆ ನೋಡಿ.
ಗಡಿಯಾರದ ಹಾಗಿದ್ದರೆ ಒಳ್ಳೆಯದು.
ಫೆಬ್ರವರಿಯಲ್ಲಿ ದೆವ್ವ ಓಡಿಸಲು ಎರಚುತ್ತೀರಲ್ಲ,
ಆ ಕಡಲೆಕಾಯಿ ನೆಲಕ್ಕೆ ಬಿದ್ದ ಹಾಗಿದ್ದರೆ
ಹಿಮ ಎಷ್ಟೇ ಇರಲಿ, ಫೋನ್ ಮಾಡಿ.
"ಒಳಗಿನ ದೆವ್ವಕ್ಕೂ ಅದೇ ಕಾಯಾ?" ಎಂದಳು,
ಗುಂಡಿ ಹಾಕಿಕೊಳ್ಳುತ್ತಾ.

ಹೋಗುವಾಗ ಪೇಪರಿನಲ್ಲಿ ಸುತ್ತಿದ ಒಂದು ಮೂಲಂಗಿ
ಒತ್ತಡ ನೋಡುವ ಯಂತ್ರದ ಪಕ್ಕ ಇಟ್ಟಳು.
"ಈ ಸಲ ಉಪ್ಪು ಕಡಿಮೆ, ಓನೊದೆರಾ-ಸಾನ್."
ಸುಳ್ಳು.

ಉಪ್ಪು ತಿಂದದ್ದು ನೀರು ಕುಡಿಯಲೇಬೇಕು.
ರಾತ್ರಿ ತೆಳ್ಳಗೆ ಹೆಚ್ಚಿ ಬಟ್ಟಲ ನೀರಿಗೆ ಹಾಕಿದೆ.
ಬೆಳಗಿಗೆ ಉಪ್ಪು ಇಳಿದಿತ್ತು, ಹೊಗೆ ಇಳಿದಿರಲಿಲ್ಲ.
ಕಿಟಕಿಯಾಚೆ ಹಿಮ ಗುಡಿಸುವ ಗಾಡಿ ಬಂದು ಹೋಯಿತು.
ಎರಡನೇ ಹೋಳು ಅಗಿಯುವಾಗ ಗಮನಿಸಿದೆ,
ನನ್ನ ಎರಡು ಬೆರಳು
ಆಗಲೇ ನನ್ನ ಮಣಿಕಟ್ಟಿನ ಮೇಲಿದ್ದವು.